ನಾಯಕನನ್ನು ಮೆಚ್ಚುವ ಜನ ಅವನಂತೆ ಯಾಕೆ ನಡೆಯುವುದಿಲ್ಲ?

ಪ್ರಶ್ನೆ: ಕಥೆಯ ನಾಯಕನಲ್ಲಿ ಎಲ್ಲ ಒಳ್ಳೆಯ ಗುಣಗಳನ್ನೂ ತುಂಬಿದರೆ ನೋಡುವವರೂ ಒಳ್ಳೆಯವರಾಗುತ್ತಾರೆಯೇ?

ಉತ್ತರ: ಚಪ್ಪಾಳೆ ತಟ್ಟುತ್ತಾರೆ, ಕಟೌಟಿಗೆ ಹಾಲೂ ಸುರಿಯುತ್ತಾರೆ. ನಡತೆ ಬದಲಾಗುವುದು ಅಪರೂಪ. ಕಾವ್ಯ-ನಾಟಕಗಳ ನಿಯಮ ಬರೆದ ಹಳೆಯ ಲಕ್ಷಣಕಾರರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆ ಮಾಡಿದರು. ನಮ್ಮ ಸಿನಿಮಾಗಳಿಗೆ ಧೀರೋದಾತ್ತನೇ, ಅಂದರೆ ಒಳ್ಳೆಯ ಗುಣಗಳೆಲ್ಲ ತುಂಬಿದ ಧೀರನೇ ಇಷ್ಟ. ಅವನು ಮೊದಲ ದೃಶ್ಯದಲ್ಲೇ ಪರಿಪೂರ್ಣನಾಗಿ ಬಂದರೆ, ಅವನು ಅಲ್ಲಿಗೆ ತಲುಪಿದ ದಾರಿ ನೋಡುವವರಿಗೆ ಕಾಣುವುದೇ ಇಲ್ಲ.

ಇದನ್ನು ಚೆನ್ನಾಗಿ ಅರಿತವರು ಮೆಕ್ಸಿಕೋದ ಟಿವಿ ನಿರ್ಮಾಪಕ ಮಿಗೆಲ್ ಸಬೀದೋ. 1975ರಲ್ಲಿ ಅವರು ವಯಸ್ಕರ ಸಾಕ್ಷರತೆಗಾಗಿ ಒಂದು ಟಿವಿ ಧಾರಾವಾಹಿ ಮಾಡಿದರು. ಅವರ ಕಥೆಗಳಲ್ಲಿ ಮೂರು ಬಗೆಯ ಪಾತ್ರಗಳು: ಪೂರ್ತಿ ಒಳ್ಳೆಯವರು, ಪೂರ್ತಿ ಕೆಟ್ಟವರು, ನಡುವೆ ತೂಗಾಡುವವರು. ಮೂರನೆಯವರೇ ಮುಖ್ಯ. ಅವರು ಅನುಮಾನಿಸುತ್ತಾರೆ, ಎಡವುತ್ತಾರೆ, ಮತ್ತೆ ಎದ್ದು ಹೊರಡುತ್ತಾರೆ. ನೋಡುವವರು ತಮ್ಮನ್ನು ಕಾಣುವುದು ಅವರಲ್ಲೇ. ಇನ್ನೊಂದು ಜಾಣತನವೂ ಇತ್ತು. ಓದು ಕಲಿಯುವ ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದನ್ನು ಧಾರಾವಾಹಿಯೇ ತಿಳಿಸಿತು. ಸಾವಿರಾರು ಜನ ಅಲ್ಲಿಗೆ ನುಗ್ಗಿದರು. 'ಓದು ಒಳ್ಳೆಯದು' ಎಂಬ ಮಾತು ಆ ಕೆಲಸ ಮಾಡುತ್ತಿರಲಿಲ್ಲ.

1972ರ 'ಬಂಗಾರದ ಮನುಷ್ಯ'ದ ರಾಜೀವ ಧೀರೋದಾತ್ತನೇ. ಆದರೂ ಆ ಸಿನಿಮಾ ನೋಡಿ ಓದಿದ ಹುಡುಗರು ಹಳ್ಳಿಗೆ ಮರಳಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಎಷ್ಟು ನಿಜವೋ ಗೊತ್ತಿಲ್ಲ, ಬಂಜರು ನೆಲ ಹಸನಾಗುವ ದುಡಿಮೆಯಂತೂ ತೆರೆಯ ಮೇಲೆ ಕಣ್ಣಾರೆ ಕಾಣುತ್ತದೆ. ಬರೀ ಗುಣ ತೋರಿಸಿದ್ದರೆ ಅಂಥ ಮಾತು ಹುಟ್ಟುತ್ತಿತ್ತೇ ಎಂಬುದು ನಮ್ಮ ಅನುಮಾನ.

ಲೆಕ್ಕ ತಪ್ಪುವುದೂ ಉಂಟು. 1984ರಲ್ಲಿ ದೂರದರ್ಶನದಲ್ಲಿ ಶುರುವಾದ 'ಹಮ್ ಲೋಗ್' 156 ಕಂತು ನಡೆಯಿತು. ಅದರಲ್ಲಿ ಎಲ್ಲವನ್ನೂ ಸಹಿಸಿಕೊಳ್ಳುವ ತಾಯಿ ಭಾಗವಂತಿಯನ್ನು 'ಹೀಗಿರಬೇಡಿ' ಎಂದು ತೋರಿಸಲು ರೂಪಿಸಿದ್ದರು. ಅನೇಕ ವೀಕ್ಷಕರು ಅವಳನ್ನೇ ಆದರ್ಶವೆಂದು ಕೊಂಡಾಡಿದರು! ತಾಳ್ಮೆಗೆ ಮೊದಲೇ ಪೂಜೆ ಸಲ್ಲಿಸುವ ಮನೆಗಳಲ್ಲಿ ಆ ಪಾತ್ರ ಬೇರೇನಾಗಿ ಕಾಣಬೇಕಿತ್ತು? ಇದು ಹೊಸ ಕಾಯಿಲೆಯೂ ಅಲ್ಲ. ಪಂಪನ ಕಾವ್ಯಕ್ಕೆ ಅರ್ಜುನ ನಾಯಕ. ಓದಿದವರ ಮನಸ್ಸು ಕರ್ಣನ ಹಿಂದೆ ಹೋಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ: ಕೊನೆಯಲ್ಲಿ ಶಿಕ್ಷೆಯಾದರೆ ಸಾಕು ಎಂಬುದು. 1965ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 66 ಮಕ್ಕಳಿಗೆ ಗೊಂಬೆಗೆ ಹೊಡೆಯುವ ಒಬ್ಬನ ಚಿತ್ರ ತೋರಿಸಿದರು. ಅವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ 'ನೋಡಿದ್ದನ್ನು ಮಾಡಿ ತೋರಿಸಿದರೆ ಸ್ಟಿಕರ್, ಜ್ಯೂಸ್ ಕೊಡುತ್ತೇವೆ' ಎಂದಾಗ ಗುಂಪುಗಳ ನಡುವಿನ ಆ ಅಂತರ ಅಳಿಸಿಹೋಯಿತು. ಶಿಕ್ಷೆ ಕೈಯನ್ನು ತಡೆದಿತ್ತು, ಕಲಿಕೆಯನ್ನಲ್ಲ. ಎರಡು ಗಂಟೆ ಮೆರೆದವನನ್ನು ಕೊನೆಯ ಐದು ನಿಮಿಷದಲ್ಲಿ ಜೈಲಿಗೆ ಕಳಿಸುವ ಚಿತ್ರಕಥೆ ಇಲ್ಲೇ ಸೋಲುತ್ತದೆ. ಬರೆಯುವವರು ಪ್ರತಿ ತಪ್ಪಿನ ಬೆಲೆಯನ್ನು ಆಯಾ ದೃಶ್ಯದ ಬೆನ್ನಿಗೇ ತರಬೇಕು, ಅದೂ ನೋಡುವವರಿಗೆ ಪರಿಚಯವಿರುವ ಬೆಲೆ: ಕೈತಪ್ಪಿದ ಕೆಲಸ, ಮಾತು ಬಿಟ್ಟ ಅಕ್ಕ.