ಸ್ನಾಯುವಿನ ಜೀನ್‌ಗೆ ಆನ್ ಆಗು ಅನ್ನೋದ್ಯಾರು, ನರಾನಾ ಸ್ನಾಯುನಾ?

ಸ್ನಾಯುವಿನ ಒಂದು ಎಳೆ ಅಂದ್ರೆ ಒಂದೇ ಜೀವಕೋಶ, ಆದ್ರೆ ಅದರೊಳಗೆ ನ್ಯೂಕ್ಲಿಯಸ್‌ಗಳು ನೂರಾರು. ನರದ ತುದಿ ಬಂದು ಕೂರೋದು ಸಾಮಾನ್ಯವಾಗಿ ಎಳೆಯ ನಡುಭಾಗದ ಒಂದೇ ಜಾಗದಲ್ಲಿ. ಅಲ್ಲಿ ಒಂದು ಚದರ ಮೈಕ್ರಾನ್‌ಗೆ ಸುಮಾರು 10,000 ಅಸೆಟೈಲ್‌ಕೋಲಿನ್ ರಿಸೆಪ್ಟರ್‌ಗಳು (ನರ ಬಿಡೋ ಅಸೆಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನ ಹಿಡಿಯೋ ಪ್ರೋಟೀನ್‌ಗಳು) ಒತ್ತೊತ್ತಾಗಿ ಇರ್ತವೆ, ಆಚೆ ಹೋದ್ರೆ ಹತ್ತು ಸಿಗೋದೂ ಕಷ್ಟ. ಎಲ್ಲಾ ನ್ಯೂಕ್ಲಿಯಸ್‌ನಲ್ಲೂ ಅದೇ ಡಿಎನ್ಎ, ಹಾಗಾದ್ರೆ ನರದ ಕೆಳಗಿರೋ ನಾಲ್ಕಾರು ನ್ಯೂಕ್ಲಿಯಸ್‌ಗಳಿಗೆ ಮಾತ್ರ ಈ ರಿಸೆಪ್ಟರ್‌ನ ಜೀನ್ ಆನ್ ಮಾಡಿ ಅಂದದ್ಯಾರು?

ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಕಪ್ಪೆಗಳಿಗೆ ಸ್ನಾಯು ಸ್ತಬ್ಧ ಮಾಡೋ ಕ್ಯುರಾರೆ ವಿಷ ಕೊಟ್ಟು ನೋಡಿದ ಕಾಲದಿಂದ 1936ರಲ್ಲಿ ಡೇಲ್, ಲೋವಿ ಇಬ್ಬರಿಗೆ ನೊಬೆಲ್ ಬರೋವರೆಗೂ ಎಲ್ಲರ ಗಮನ ಇದ್ದದ್ದು ನರದ ಸಂದೇಶ ಹೇಗೆ ದಾಟುತ್ತೆ ಅನ್ನೋದರ ಮೇಲೆ. 1959ರಲ್ಲಿ ನರ ಕತ್ತರಿಸಿದ ಸ್ನಾಯು ಉದ್ದಕ್ಕೂ ಅಸೆಟೈಲ್‌ಕೋಲಿನ್‌ಗೆ ಸ್ಪಂದಿಸೋದು ಕಾಣಿಸ್ತು, 1972ರಲ್ಲಿ ಅಂಥ ಸ್ನಾಯುವಿಗೇ ಕರೆಂಟ್ ಕೊಟ್ಟಾಗ ಆ ಸ್ಪಂದನೆ ಮತ್ತೆ ತಗ್ಗಿತು. ಇದು ಆಪರೇಷನ್ ಥಿಯೇಟರ್‌ನಲ್ಲಿ ಇವತ್ತಿಗೂ ಜೀವದ ಪ್ರಶ್ನೆ: ತಿಂಗಳುಗಟ್ಟಲೆ ಕಾಲು ಸ್ವಾಧೀನ ಇಲ್ಲದೆ ಮಲಗಿದವರಿಗೆ ಸ್ನಾಯು ಸಡಿಲಿಸೋ ಸಕ್ಸಿನೈಲ್‌ಕೋಲಿನ್ ಔಷಧ ಕೊಟ್ರೆ ಸ್ನಾಯುವಿನ ತುಂಬ ಹರಡಿರೋ ರಿಸೆಪ್ಟರ್‌ಗಳು ಒಟ್ಟಿಗೆ ತೆರ್ಕೊಂಡು, ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯ ನಿಲ್ಲಬಹುದು.

ನಿಜವಾದ ಗಂಟು ಬಿದ್ದದ್ದು ಆಮೇಲೆ. 1970ರ ದಶಕದ ಕೊನೇಲಿ ಕಪ್ಪೆಯಲ್ಲಿ ನರ, ಸ್ನಾಯು ಎರಡನ್ನೂ ಹಾಳುಮಾಡಿ ಎಳೆಯ ಸುತ್ತಲಿನ ತೆಳು ಪೊರೆ ಮಾತ್ರ ಉಳಿಸಿದ್ರು, ಹೊಸದಾಗಿ ಬೆಳೆದ ಸ್ನಾಯು ನರವೇ ಇಲ್ದೆ ಹಳೇ ಜಾಗದಲ್ಲೇ ರಿಸೆಪ್ಟರ್ ಗುಂಪುಗೂಡಿಸ್ತು. ಅಂದ್ರೆ ಗುರುತು ಪೊರೆಯಲ್ಲೇ ಇತ್ತು. ಆ ಹುಡುಕಾಟದಲ್ಲೇ ವಿದ್ಯುತ್ ಮೀನಿನ ಕರೆಂಟ್ ಹುಟ್ಟಿಸೋ ಅಂಗದಿಂದ ಆಗ್ರಿನ್ ಅನ್ನೋ ಪ್ರೋಟೀನ್ ಸಿಕ್ತು. 1985ರಲ್ಲಿ ಮೆರ್ಲಿ ಮತ್ತು ಸೇನ್ಸ್ ರಿಸೆಪ್ಟರ್‌ನ ಎಂಆರ್‌ಎನ್ಎ (ಆನ್ ಆದ ಜೀನ್‌ನಿಂದ ಹೊರಡೋ ನಕಲು) ಕೂಡ ನರದ ಜಾಗದಲ್ಲೇ ಹೆಚ್ಚು ಅಂತ ತೋರಿಸಿದ್ರು. ಹಾಗಾಗಿ ಜೀನ್ ಆನ್ ಮಾಡೋ ಇನ್ನೊಂದು ಸಂಕೇತ ಬೇಕಿತ್ತು, ಕೋಳಿ ಮೆದುಳಿನಿಂದ ತೆಗೆದು 1993ರಲ್ಲಿ ಜೀನ್ ಗುರುತಿಸಿದ ನ್ಯೂರೆಗ್ಯುಲಿನ್ ಅನ್ನೋ ಪ್ರೋಟೀನ್ ಆ ಜಾಗಕ್ಕೆ ಸರಿಯಾಗಿ ಕೂತ್ಕೊಳ್ತು. ಆಗ್ರಿನ್ ರಿಸೆಪ್ಟರ್‌ಗಳನ್ನ ಒಂದೆಡೆ ಸೇರಿಸುತ್ತೆ, ನ್ಯೂರೆಗ್ಯುಲಿನ್ ಜೀನ್ ಆನ್ ಮಾಡುತ್ತೆ, ಎರಡೂ ನರದ ಕೆಲಸ.

ಚಿತ್ರ ಬಹಳ ಚೆನ್ನಾಗಿತ್ತು, ನನಗನ್ಸೋದು ಅದೇ ತೊಂದರೆ ಆಯ್ತು ಅಂತ. 2001ರಲ್ಲಿ ನರವೇ ತಲುಪದ ಇಲಿ ಭ್ರೂಣದ ಸ್ನಾಯುವಿನಲ್ಲೂ ನಡುಭಾಗದಲ್ಲಿ ರಿಸೆಪ್ಟರ್ ಗುಂಪು ಕಂಡವು. 2005ರಲ್ಲಿ ಸ್ನಾಯುವಿನಲ್ಲಿ ನ್ಯೂರೆಗ್ಯುಲಿನ್ ಗ್ರಹಿಸೋ ರಿಸೆಪ್ಟರ್‌ಗಳನ್ನೇ ತೆಗೆದ್ರೂ ನರ-ಸ್ನಾಯು ಜೋಡಣೆ ಆಯ್ತು. ಈಗ ಮಧ್ಯದಲ್ಲಿರೋದು ಸ್ನಾಯುವಿನದೇ ಪ್ರೋಟೀನ್‌ಗಳಾದ ಎಲ್‌ಆರ್‌ಪಿ4, ಮಸ್ಕ್, ಡಾಕ್-7. ನರದ ಆಗ್ರಿನ್ ಬೇಕೇ ಬೇಕು, ಅದಿಲ್ದಿದ್ರೆ ಗುಂಪುಗಳು ಉಳಿಯಲ್ಲ, ಆದ್ರೆ ಸ್ನಾಯು ಬರೀ ಹೇಳಿದ್ದು ಕೇಳೋ ಆಳು ಅಲ್ಲ.

ಇದನ್ನ ತಡವಾಗಿ ಒಪ್ಪಿಕೊಂಡದ್ದು ರೋಗಿಗಳಿಗೂ ಮುಟ್ಟೋ ವಿಷಯ. ಹುಟ್ಟಿನಿಂದ ರೆಪ್ಪೆ ಜೋತುಬಿದ್ದು, ಸಂಜೆಗೆ ನಡಿಗೆ ಸೋಲೋ, ನರ-ಸ್ನಾಯು ಜೋಡಣೆಯಲ್ಲೇ ದೋಷ ಇರೋ ಮಕ್ಕಳಿಗೆ ಅಸೆಟೈಲ್‌ಕೋಲಿನ್ ಬೇಗ ಒಡೆಯದ ಹಾಗೆ ತಡೆಯೋ ಪೈರಿಡೋಸ್ಟಿಗ್ಮಿನ್ ಮಾತ್ರೆ ಸಹಜವಾಗಿ ನೆನಪಾಗುತ್ತೆ, ಆದ್ರೆ ಡಾಕ್-7 ಜೀನ್‌ನಲ್ಲಿ ದೋಷ ಇರೋರಿಗೆ ಅದೇ ಮಾತ್ರೆ ಸುಸ್ತು ಹೆಚ್ಚಿಸಬಹುದು, ಉಸಿರಾಟಕ್ಕೆ ಕೊಡೋ ಸಾಲ್ಬುಟಮಾಲ್ ವಾರಗಟ್ಟಲೆ ಕೊಟ್ಟಾಗ ಅವರು ಬರ್ತಾ ಬರ್ತಾ ಮೆಟ್ಟಿಲು ಹತ್ತೋ ಹಾಗಾಗಬಹುದು.