ಚೀಲದ ನಟ್ಟನಡುವಿನ ಗುಂಡು

ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಸೋನಾ ಮಸೂರಿಯ 25 ಕೆ.ಜಿ. ಚೀಲಗಳು ಬೆಲ್ಟಿನ ಮೇಲೆ ಸಾಲಾಗಿ ಮೆಟಲ್ ಡಿಟೆಕ್ಟರಿನ, ಅಂದರೆ ಲೋಹದ ಚೂರು ಪತ್ತೆಹಚ್ಚುವ ಯಂತ್ರದ, ಕಿಂಡಿಯತ್ತ ಬರುತ್ತಿದ್ದವು. ಆಪರೇಟರ್ ಒಂದನ್ನು ಇಳಿಸಿ, ಬಾಯಿ ಬಿಚ್ಚಿ, ಮೊಣಕೈವರೆಗೆ ಕೈಹಾಕಿ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಅಕ್ಕಿಯೊಳಗೆ ಹುದುಗಿಸಿದರು. ಕಡ್ಡಿಯಲ್ಲಿ ಕಾಳುಮೆಣಸಿಗಿಂತ ಸಣ್ಣದಾದ ಸ್ಟೀಲ್ ಗುಂಡು. ಯಂತ್ರ ಅದನ್ನು ಹಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಇದು.

"ಮ್ಯಾಲಿಟ್ರ ಯಾವ ಮಷಿನ್ನಾದ್ರೂ ಒದರತೈತ್ರಿ. ನಡಕ ಇಟ್ರನ ಖರೆ ಗೊತ್ತಾಗೋದು."

ಈ ಪಾಠ ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ತಂತಿಸುರುಳಿಗಳ ಸಾಧನ ಕಟ್ಟಿದರು. ಯುದ್ಧದ ಗುಂಡನ್ನು ಮೈಯಲ್ಲೇ ಹೊತ್ತಿದ್ದ ಮಾಜಿ ಸೈನಿಕರ ಮೇಲೆ ಅದು ಸರಿಯಾಗಿ ನಡೆಯಿತು. ಅಧ್ಯಕ್ಷರ ಮಂಚದ ಬಳಿ ಸೋತಿತು. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಮುಖ್ಯ ವೈದ್ಯರು ಹುಡುಕಲು ಬಿಟ್ಟಿದ್ದು ಬಲಬದಿ, ಗುಂಡಿದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಕೆಲಸ ನಡೆಯುವ ಜಾಗದಲ್ಲೇ ಯಂತ್ರವನ್ನು ಪರೀಕ್ಷಿಸಬೇಕು ಎನ್ನಲು ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೇ ಮಹಾಯುದ್ಧದ ನಂತರ ಮೆಟಲ್ ಡಿಟೆಕ್ಟರ್ ಆಹಾರ ಕಾರ್ಖಾನೆಗಳಿಗೆ ಬಂತು. ಸಾಮಾನ್ಯವಾಗಿ ಒಳಗೆ ಮೂರು ಸುರುಳಿ: ನಡುವಿನದು ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅಕ್ಕಪಕ್ಕದ ಎರಡು ತಕ್ಕಡಿಯಂತೆ ಸರಿದೂಗಿ ನಿಂತಿರುತ್ತವೆ. ಲೋಹ ಹಾದರೆ ತಕ್ಕಡಿ ವಾಲುತ್ತದೆ. ಕಿಂಡಿಯ ಅಂಚಿನಲ್ಲಿ ಚುರುಕು ಹೆಚ್ಚು, ನಟ್ಟನಡುವೆ ಕಡಿಮೆ. ಕಿಂಡಿ ದೊಡ್ಡದಾದಷ್ಟೂ ಇನ್ನೂ ಕಡಿಮೆ. ಇಡೀ ಚೀಲ ತೂರಬೇಕಾದ ಕಿಂಡಿ ದೊಡ್ಡದೇ.

ಕಟಾವು ಮಷಿನ್ನಿನ ನಟ್ಟು, ಎಲಿವೇಟರಿನ ಬೋಲ್ಟು ಬಂದರೆ ಮಿಲ್ಲಿನ ಅಯಸ್ಕಾಂತವೇ ಹಿಡಿಯುತ್ತದೆ. ಸ್ಟೇನ್‌ಲೆಸ್ ಜಾಲಿಯ ತಂತಿಚೂರು ಹಾಗಲ್ಲ. ಅಯಸ್ಕಾಂತಕ್ಕೆ ಅಂಟದು, ವಿದ್ಯುತ್ತೂ ಅದರಲ್ಲಿ ಸುಲಭವಾಗಿ ಹರಿಯದು. ಅದಕ್ಕೇ ಪರೀಕ್ಷೆಗೆ ಕಬ್ಬಿಣ, ಹಿತ್ತಾಳೆ, ಸ್ಟೇನ್‌ಲೆಸ್ ಎಂದು ಮೂರು ಗುಂಡು. ಸ್ಟೇನ್‌ಲೆಸ್ಸಿನದು ಸಾಮಾನ್ಯವಾಗಿ ದಪ್ಪ. ಗುಂಡು ಸಿಕ್ಕರೂ ತೆಳು ತಂತಿ ತಾನು ಮಲಗಿದ ದಿಕ್ಕಿನಿಂದಾಗಿ ತಪ್ಪಿಸಿಕೊಳ್ಳಬಹುದು.

1960ರ ದಶಕದಲ್ಲಿ ನಾಸಾದ ಬಾಹ್ಯಾಕಾಶ ಯಾತ್ರಿಗಳ ಊಟಕ್ಕಾಗಿ ಪಿಲ್ಸ್‌ಬರಿ ಕಂಪನಿ ರೂಪಿಸಿದ ಪದ್ಧತಿ ಮುಂದೆ ಹ್ಯಾಸಪ್ ಎಂದು ಜಗತ್ತಿಗೆಲ್ಲ ಹಬ್ಬಿತು. ಅಪಾಯದ ಹಂತ ಗುರುತಿಸು, ಅಲ್ಲಿ ಅಳತೆ ಮಾಡು, ಬರೆದಿಡು ಎಂಬುದು ಅದರ ತಿರುಳು. ಅಲ್ಲಿಂದ ಮುಂದೆ ಪರೀಕ್ಷೆಗೆ ಹಲ್ಲು ಬಂತು: ಗುಂಡು ತಪ್ಪಿಸಿಕೊಂಡರೆ, ಹಿಂದಿನ ಸಲ ಪಾಸಾದ ಹೊತ್ತಿನಿಂದ ಬಂದ ಮಾಲನ್ನೆಲ್ಲ ತಡೆದು ಮತ್ತೆ ಹಾಯಿಸಬೇಕು. ನಾಲ್ಕು ತಾಸಿಗೊಮ್ಮೆ ಪರೀಕ್ಷಿಸಿದರೆ ನಾಲ್ಕು ತಾಸಿನ ಮಾಲು. ಗಂಟೆಗೊಮ್ಮೆ ಮಾಡುವುದು ಮಾಲೀಕರಿಗೇ ಲಾಭ.

ಚೀಲ ಕಿಂಡಿ ಹೊಕ್ಕಿತು. ಸೈರನ್ ಕೂಗಿತು, ಬೆಲ್ಟು ನಿಂತಿತು. ಆಪರೇಟರ್ ಮತ್ತೆ ಮೊಣಕೈವರೆಗೆ ಕೈಯಿಳಿಸಿ ಕಡ್ಡಿ ಹುಡುಕಿ ತೆಗೆದು, ಒರೆಸಿ ಮೊಳೆಗೆ ತೂಗುಹಾಕಿದರು. ಮೂರೂ ಇವೆಯೇ ಎಂದು ಎಣಿಸಿ, ಆಮೇಲೆ ರಿಜಿಸ್ಟರಿಗೆ ಸಹಿ ಹಾಕಿದರು.