‘ವಿಗ್’ ಅಂದರೆ ಬುಕ್ಕಿಯ ಕಮಿಷನ್ನೋ, ಸಾಲದ ಬಡ್ಡಿಯೋ?

ಪ್ರಶ್ನೆ: ಅಮೆರಿಕದ ಕ್ರೈಮ್ ಸೀರಿಯಲ್‌ಗಳಲ್ಲಿ ‘ವಿಗ್’ ಅನ್ನೋ ಮಾತು ಪದೇ ಪದೇ ಬರುತ್ತದೆ. ಒಮ್ಮೆ ಬೆಟ್ಟಿಂಗ್ ಬುಕ್ಕಿ ಹೇಳುತ್ತಾನೆ, ಇನ್ನೊಮ್ಮೆ ಸಾಲ ವಸೂಲಿಗೆ ಬಂದ ರೌಡಿ ಹೇಳುತ್ತಾನೆ. ಎರಡೂ ಒಂದೇನಾ?

ಉತ್ತರ: ಪದ ಒಂದೇ, ಲೆಕ್ಕ ಬೇರೆ. ತಲೆಗೆ ಹಾಕುವ ವಿಗ್‌ಗೂ ಇದಕ್ಕೂ ಸಂಬಂಧ ಇಲ್ಲ. ಪೂರ್ತಿ ಪದ ‘ವಿಗರಿಶ್’. ರಷ್ಯನ್ ಭಾಷೆಯಲ್ಲಿ ಗೆದ್ದ ಹಣಕ್ಕೆ ಇರುವ ಪದ ಯಿಡ್ಡಿಶ್ ಆಡುತ್ತಿದ್ದ ಯಹೂದಿ ವಲಸಿಗರ ಮೂಲಕ ಅಮೆರಿಕದ ಬೀದಿಮಾತಿಗೆ ಬಂತು ಅಂತ ನಿಘಂಟುಗಳು ಹೇಳುತ್ತವೆ. ಗೆದ್ದ ಹಣದ ಹೆಸರು ಆಡುವವನನ್ನು ಬಿಟ್ಟು ಆಡಿಸುವವನ ಪಾಲಿಗೆ ಹೋಯಿತು. ಅಲ್ಲಿಗೇ ಹೋಗಬೇಕಿತ್ತು ಬಿಡಿ.

ಮೊದಲು ಬುಕ್ಕಿಯ ಲೆಕ್ಕ. ಇಬ್ಬರೂ ಸಮಬಲರಾದ ಪಂದ್ಯಕ್ಕೆ ಅಮೆರಿಕದ ಬುಕ್ಕಿ ಎರಡೂ ಕಡೆಗೆ ‘ಮೈನಸ್ 110’ ದರ ಹಾಕುತ್ತಾನೆ. ಅಂದರೆ 100 ಡಾಲರ್ ಗೆಲ್ಲಬೇಕಾದರೆ 110 ಇಡಬೇಕು. ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ತಲಾ 110 ಇಟ್ಟರೆ ಬಂದದ್ದು 220. ಗೆದ್ದವನಿಗೆ ಅವನ ಅಸಲೂ ಸೇರಿ 210 ಕೊಡಬೇಕು. ಉಳಿದ 10 ಡಾಲರ್ ವಿಗ್. ಇದನ್ನೇ ‘ಜ್ಯೂಸ್’ ಅಂತಲೂ ಕರೆಯುತ್ತಾರೆ. ಲೆಕ್ಕ ಹಾಕಿದರೆ ಸುಮಾರು ಶೇ. 4.5. ಕಮ್ಮಿ ಅನ್ನಿಸುತ್ತದೆ ಅಲ್ವಾ? ಆದರೆ ಈ ದರದಲ್ಲಿ ಕೈ ಸುಟ್ಟುಕೊಳ್ಳದೆ ಇರಬೇಕಾದರೆ ನೂರಕ್ಕೆ 52ಕ್ಕಿಂತ ಜಾಸ್ತಿ ಸಲ ಗೆಲ್ಲಬೇಕು. ಅರ್ಧಕ್ಕರ್ಧ ಗೆಲ್ಲುವವನೂ ನಿಧಾನಕ್ಕೆ ಖಾಲಿಯಾಗುತ್ತಾನೆ.

ಬ್ರಿಟನ್ನಿನಲ್ಲಿ ಇದರ ಹೆಸರು ‘ಓವರ್‌ರೌಂಡ್’, ಪೋಕರ್ ಟೇಬಲ್‌ನಲ್ಲಿ ‘ರೇಕ್’. ನಮ್ಮ ಕಡೆಯ ಕಳ್ಳ ಕ್ರಿಕೆಟ್ ಬುಕ್ಕಿಗಳು ಹೆಸರೇ ಇಡದೆ ‘ಲಗಾಯಿ–ಖಾಯಿ’ ಭಾವದೊಳಗೆ ಮುಚ್ಚಿಡುತ್ತಾರೆ. ಭಾವ 40–42 ಅಂದುಕೊಳ್ಳಿ. ಫೇವರಿಟ್ ತಂಡದ ಮೇಲೆ 100 ರೂಪಾಯಿ ಕಟ್ಟಿದವನು (ಇದು ಲಗಾಯಿ) ಗೆದ್ದರೆ ಸಿಗುವುದು 40. ಅದೇ ತಂಡ ಸೋಲುತ್ತದೆ ಅಂತ ಆಡುವವನು (ಇದು ಖಾಯಿ) 100 ಗೆಲ್ಲಲು 42 ಇಡಬೇಕು. ಫೇವರಿಟ್ ಗೆದ್ದರೆ ಬುಕ್ಕಿಗೆ 2 ರೂಪಾಯಿ ಉಳಿಯುತ್ತದೆ. ಸೋತರೆ ಒಬ್ಬನಿಂದ ಬಂದ 100 ಇನ್ನೊಬ್ಬನಿಗೆ ಹೋಗುತ್ತದೆ, ಬುಕ್ಕಿಯ ಜೇಬಿಗೆ ಕತ್ತರಿ ಇಲ್ಲ.

ಇನ್ನು ಸಾಲದ ವಿಗ್. ಇದು ವಾರದ ಬಡ್ಡಿ. ಹಳೇ ದರ ‘ಸಿಕ್ಸ್ ಫಾರ್ ಫೈವ್’: ಇವತ್ತು 5 ಡಾಲರ್ ತಗೊಂಡರೆ ಮುಂದಿನ ವಾರ 6 ಕೊಡಬೇಕು. ವಾರಕ್ಕೆ ಶೇ. 20, ವರ್ಷಕ್ಕೆ ಸರಳ ಬಡ್ಡಿಯಲ್ಲೇ ಶೇ. 1,040. ನ್ಯೂಯಾರ್ಕಿನಲ್ಲಿ ವರ್ಷಕ್ಕೆ ಶೇ. 25 ದಾಟಿದರೇ ಕ್ರಿಮಿನಲ್ ಅಪರಾಧ. ದೊಡ್ಡ ಸಾಲಕ್ಕೆ ‘ಪಾಯಿಂಟ್’ ಲೆಕ್ಕ ನಡೆಯುತ್ತದೆ. ಸಾವಿರ ಡಾಲರ್‌ಗೆ ವಾರಕ್ಕೆ 5 ಪಾಯಿಂಟ್ ಅಂದರೆ ಪ್ರತಿ ವಾರ 50. ಇಪ್ಪತ್ತು ವಾರ ಕಟ್ಟಿದ ಮೇಲೆ ಸಾವಿರ ಹೋಗಿರುತ್ತದೆ, ಅಸಲು ಸಾವಿರ ಹಾಗೇ ಕೂತಿರುತ್ತದೆ. ವಿಗ್ ಕಟ್ಟಿದ್ದು ಅಸಲಿಗೆ ಜಮಾ ಆಗುವುದಿಲ್ಲ. ಸಾಲಗಾರ ಅಸಲು ತೀರಿಸಿಬಿಟ್ಟರೆ ಕೊಟ್ಟವನಿಗೇ ಬೇಜಾರು.

ಎರಡಕ್ಕೂ ಒಂದೇ ಹೆಸರು ಇರುವುದು ಸುಮ್ನೆ ಅಲ್ಲ. ಬೀದಿ ಬುಕ್ಕಿ ಉದ್ರಿ ಆಟ ಆಡಿಸುತ್ತಾನೆ, ವಾರಕ್ಕೊಮ್ಮೆ ಲೆಕ್ಕ ಚುಕ್ತಾ. ಸೋತವನ ಹತ್ತಿರ ದುಡ್ಡಿಲ್ಲದಿದ್ದರೆ ಪಕ್ಕದಲ್ಲೇ ಸಾಲ ಕೊಡುವವನು ಸಿದ್ಧ, ಎಷ್ಟೋ ಸಲ ಇಬ್ಬರೂ ಒಂದೇ ಗ್ಯಾಂಗಿನವರು. ಆಡುವಾಗ ಒಂದು ವಿಗ್, ಸೋತ ಮೇಲೆ ವಾರವಾರ ಇನ್ನೊಂದು. ಸಂಘಟಿತ ಅಪರಾಧದ ಗ್ಯಾಂಗುಗಳನ್ನು ಮಟ್ಟಹಾಕಲು ತಂದ 1970ರ ಅಮೆರಿಕದ ರಿಕೋ ಕಾನೂನು, ಕಾನೂನುಬಾಹಿರ ಜೂಜಿನ ಬಾಕಿ ವಸೂಲಿಯನ್ನೂ ಮಿತಿಮೀರಿದ ಬಡ್ಡಿ ಸಾಲದ ವಸೂಲಿಯನ್ನೂ ಒಟ್ಟಿಗೇ ಹಿಡಿದದ್ದು ಇದಕ್ಕೇ.

ಸಾಲದ ವಿಗ್‌ಗೆ ಕನ್ನಡದಲ್ಲಿ ಹತ್ತಿರದ ಮಾತು ‘ಮೀಟರ್ ಬಡ್ಡಿ’. ಆಟೋ ಮೀಟರಿನ ಹಾಗೆ ನಿಂತರೂ ಓಡುತ್ತಿರುತ್ತದೆ. ಇಲ್ಲಿ ಇನ್ನೊಂದು ಕೈಚಳಕವಿದೆ: ಮೊದಲ ಕಂತಿನ ಬಡ್ಡಿ ಮುರಿದುಕೊಂಡೇ ದುಡ್ಡು ಕೊಡುತ್ತಾರೆ. ಪತ್ರದಲ್ಲಿ 10,000, ಕೈಗೆ 9,000. ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೆ. ಇಂಥವರ ಮೇಲೆಯೇ ಕರ್ನಾಟಕ 2004ರಲ್ಲಿ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆ ತಂದಿತು. ತಮಿಳುನಾಡಿನ 2003ರ ಕಾಯ್ದೆಯಂತೂ ‘ಮೀಟರ್ ವಟ್ಟಿ’, ‘ಕಂದು ವಟ್ಟಿ’ ಅಂತ ಬೀದಿಯ ಹೆಸರುಗಳನ್ನೇ ಕಾನೂನಿನಲ್ಲಿ ಬರೆದಿದೆ.